ಸೇಣಿಯಿಂದ ಸಹಕಾರ ಸಂಘದವರೆಗೆ: ಕರ್ನಾಟಕದ ಕುಶಲಕರ್ಮಿ ಸಂಘಟನೆಗಳ ಚಾರಿತ್ರಿಕ ನೆಲೆಗಳು

ಪೀಠಿಕೆ

ಕರ್ನಾಟಕದ ಆರ್ಥಿಕ ಚರಿತ್ರೆಯನ್ನು ಕುರಿತು ನಡೆದಿರುವ ಅಧ್ಯಯನಗಳಲ್ಲಿ ವಣಿಕ ಸಂಘಗಳಿಗೆ, ಅದರಲ್ಲೂ ಅಯ್ಯಾವೊಳೆಯ ಐನೂರ್ವರಿಗೆ, ದೊರೆತಿರುವ ಸ್ಥಾನ ಕುಶಲಕರ್ಮಿಗಳ ಸಂಘಟನೆಗಳಿಗೆ ದೊರೆತಿಲ್ಲ. ಇದಕ್ಕೆ ಕಾರಣವೂ ಇದೆ. ವರ್ತಕರ ಶಾಸನಗಳು ದೀರ್ಘವಾದ ಪ್ರಶಸ್ತಿಗಳನ್ನು ಒಳಗೊಂಡಿವೆ. ಎಣ್ಣೆ ತೆಗೆಯುವವರು, ನೇಯುವವರು, ಕಂಚು ಎರೆಯುವವರು ಶಾಸನಗಳಲ್ಲಿ ಬಹುಮಟ್ಟಿಗೆ ದತ್ತಿಯ ವಿವರಗಳ ನಡುವೆ ಒಂದೆರಡು ಪದಗಳಲ್ಲಿ ಬಂದುಹೋಗುತ್ತಾರೆ. ಆದರೆ ಈ ಚದುರಿದ ಉಲ್ಲೇಖಗಳನ್ನು ಧರ್ಮಶಾಸ್ತ್ರ ಗ್ರಂಥಗಳ ವಿವರಣೆಯೊಂದಿಗೆ ಇರಿಸಿ ನೋಡಿದಾಗ, ಅವರ ಸಂಘಟನೆಯ ಸ್ವರೂಪ ಸಾಕಷ್ಟು ಸ್ಪಷ್ಟವಾಗಿ ಗೋಚರಿಸುತ್ತದೆ.

ಕುಶಲಕರ್ಮಿ ಸಂಘವೊಂದು ಜೀವಂತವಾಗಿದ್ದುದು ಮೂರು ಅಧಿಕಾರಗಳ ಬಲದಿಂದ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಮೊದಲನೆಯದು ತನ್ನದೇ ಆದ ಕಟ್ಟಳೆ. ಎರಡನೆಯದು ತನ್ನದೇ ಆದ ನಿಧಿ. ಮೂರನೆಯದು ತನ್ನದೇ ಆದ ಹೆಸರು. ಈ ಮೂರೂ ಹೇಗೆ ಕೂಡಿದ್ದವು, ಹೇಗೆ ಬೇರ್ಪಟ್ಟವು ಮತ್ತು ಇಂದು ಅವು ಯಾರ ವಶದಲ್ಲಿವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕಟ್ಟಳೆ: ಮಿತಾಕ್ಷರಾ ನೀಡುವ ವಿವರಣೆ

ಪ್ರಾಚೀನ ಸಾಹಿತ್ಯದಲ್ಲಿ ಸಂಘಟಿತ ಸಮುದಾಯಗಳಿಗೆ ಶ್ರೇಣಿ, ಪೂಗ, ನಿಗಮ, ಗಣ, ಸಂಘ ಮೊದಲಾದ ಹೆಸರುಗಳಿವೆ. ಕನ್ನಡ ಶಾಸನಗಳಲ್ಲಿ ಶ್ರೇಣಿ ಎಂಬುದು ‘ಸೇಣಿ’ ಎಂಬ ತದ್ಭವ ರೂಪದಲ್ಲಿ ಬಂದಿದೆ. ಇವುಗಳೊಡನೆ ‘ಒಕ್ಕಲು’, ‘ಗೊತ್ತಳಿ’, ‘ಸಮಯ’ ಎಂಬ ಪದಗಳೂ ಬಳಕೆಯಲ್ಲಿದ್ದವು.

ಈ ಪದಗಳ ಅರ್ಥವನ್ನು ನಿಶ್ಚಯಿಸಲು ನಮಗಿರುವ ಅತ್ಯಂತ ಸಮೀಪದ ಆಧಾರವೆಂದರೆ ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನ. ಈ ಕೃತಿ ರಚಿತವಾದುದು ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. ೧೦೭೬–೧೧೨೬) ಆಳ್ವಿಕೆಯ ಕಾಲದಲ್ಲಿ, ಅವನ ರಾಜಧಾನಿಯಾದ ಕಲ್ಯಾಣದಲ್ಲಿ. ಆದ್ದರಿಂದ ಅದರ ವಿವರಣೆಗಳಿಗೆ ಕರ್ನಾಟಕದ ಸಂದರ್ಭದಲ್ಲಿ ವಿಶೇಷ ಮಹತ್ವವಿದೆ. ಬೇರೆ ಬೇರೆ ಜಾತಿಗಳಿಗೆ ಸೇರಿದ್ದರೂ ಒಂದೇ ಬಗೆಯ ಕಸುಬಿನಿಂದ ಜೀವಿಸುವವರ ಕೂಟವೇ ಶ್ರೇಣಿ ಎಂದು ವಿಜ್ಞಾನೇಶ್ವರ ಹೇಳುತ್ತಾನೆ. ಇದಕ್ಕೆ ಅವನು ಕೊಡುವ ಉದಾಹರಣೆಗಳಲ್ಲಿ ಎಲೆ ಮಾರುವವರು, ನೇಕಾರರು ಮತ್ತು ಚರ್ಮಕಾರರು ಸೇರಿದ್ದಾರೆ. ಶ್ರೇಣಿಯನ್ನು ಜಾತಿಯ ಮತ್ತೊಂದು ಹೆಸರೆಂದು ಭಾವಿಸುವವರು ಈ ವಿವರಣೆಯನ್ನು ಗಮನಿಸಬೇಕು. ಹನ್ನೊಂದು ಹನ್ನೆರಡನೆಯ ಶತಮಾನಗಳ ಕಲ್ಯಾಣದ ವಿದ್ವಾಂಸನೊಬ್ಬನ ದೃಷ್ಟಿಯಲ್ಲಿ ಶ್ರೇಣಿಯ ಆಧಾರ ಹುಟ್ಟಲ್ಲ, ಕಸುಬು.

ವ್ಯವಹಾರ ನಿರ್ಣಯದ ಅಧಿಕಾರವುಳ್ಳ ಸಭೆಗಳನ್ನು ಯಾಜ್ಞವಲ್ಕ್ಯನು ಕ್ರಮವಾಗಿ ಹೇಳುವಾಗ ರಾಜನಿಂದ ನೇಮಿತರಾದವರು, ಪೂಗಗಳು, ಶ್ರೇಣಿಗಳು, ಕುಲಗಳು ಎಂದು ಎಣಿಸುತ್ತಾನೆ. ಇವುಗಳಲ್ಲಿ ಮೊದಲು ಹೇಳಿದ್ದು ನಂತರದ್ದಕ್ಕಿಂತ ಮೇಲಿನದು. ಅಂದರೆ ಶ್ರೇಣಿಯ ಸಭೆ ಒಂದು ಮಾನ್ಯ ನ್ಯಾಯಸ್ಥಾನವಾಗಿತ್ತು. ಸಮೂಹದ ಒಪ್ಪಂದವನ್ನು ಮುರಿಯುವುದಕ್ಕೆ ಸಂಬಂಧಿಸಿದ ‘ಸಂವಿದ್ವ್ಯತಿಕ್ರಮ’ ಪ್ರಕರಣದಲ್ಲಿ, ಗಣದ ದ್ರವ್ಯವನ್ನು ಅಪಹರಿಸಿದವನ ಮತ್ತು ಒಪ್ಪಂದವನ್ನು ಮೀರಿದವನ ಸರ್ವಸ್ವವನ್ನೂ ಕಿತ್ತುಕೊಂಡು ನಾಡಿನಿಂದ ಹೊರಹಾಕಬೇಕೆಂದು ವಿಧಿಸಲಾಗಿದೆ. ಶ್ರೇಣಿಗಳ ಪರಸ್ಪರ ಭಿನ್ನತೆಯನ್ನು ರಾಜನು ಕಾಪಾಡಬೇಕು, ಅವರ ಹಿಂದಿನ ನಡವಳಿಕೆಯನ್ನು ಪಾಲಿಸಬೇಕು ಎಂಬುದೂ ಅದೇ ಪ್ರಕರಣದ ಆದೇಶ. ಕಟ್ಟಳೆಯನ್ನು ಮಾಡುವುದು ಶ್ರೇಣಿ; ಅದನ್ನು ಉಳಿಸಿಕೊಡುವುದು ಅರಸನ ಕರ್ತವ್ಯ.

ಕಸುಬಿನ ಶಿಕ್ಷಣವೂ ಈ ಕಟ್ಟಳೆಯ ಭಾಗವೇ ಆಗಿತ್ತು. ಶಿಲ್ಪವನ್ನು ಕಲಿಯುವ ಅಂತೇವಾಸಿಯು, ಕಲಿಕೆ ಬೇಗ ಮುಗಿದರೂ ಒಪ್ಪಿಕೊಂಡ ಅವಧಿ ಮುಗಿಯುವವರೆಗೆ ಗುರುವಿನ ಮನೆಯಲ್ಲೇ ಇದ್ದು ದುಡಿಮೆಯ ಫಲವನ್ನು ಅವನಿಗೆ ಒಪ್ಪಿಸಬೇಕೆಂದು ಯಾಜ್ಞವಲ್ಕ್ಯ ಹೇಳುತ್ತಾನೆ. ಕೂಡಿ ಮಾಡಿದ ಕೆಲಸದ ಸಂಪಾದನೆಯಲ್ಲಿ ಕಲಿಯುವವನು, ಅರಿತವನು, ಕುಶಲಿ ಮತ್ತು ಆಚಾರ್ಯ ಇವರಿಗೆ ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಪಾಲು ಎಂದು ಬೃಹಸ್ಪತಿ ಸ್ಮೃತಿ ನಿಗದಿಪಡಿಸುತ್ತದೆ. ಆಚಾರ್ಯನಿಗೂ ಶಿಷ್ಯನಿಗೂ ನಡುವಿನ ಅಂತರ ನಾಲ್ಕು ಪಟ್ಟನ್ನು ಮೀರುವಂತಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ನಿಧಿ: ಅಕ್ಷಯನೀವಿಯ ನಂಬಿಕೆ

ಶ್ರೇಣಿಯ ಎರಡನೆಯ ಅಧಿಕಾರ ನಿಧಿಗೆ ಸಂಬಂಧಿಸಿದ್ದು. ದಖ್ಖನಿನಲ್ಲಿ ಇದಕ್ಕೆ ದೊರೆಯುವ ಬಹು ಪ್ರಾಚೀನ ಹಾಗೂ ಸ್ಪಷ್ಟ ಸಾಕ್ಷ್ಯಗಳು ನಾಸಿಕದ ಗುಹೆಗಳಲ್ಲಿವೆ. ಕ್ಷತ್ರಪ ನಹಪಾನನ ಅಳಿಯ ಉಷವದಾತನು ಗೋವರ್ಧನದ ಎರಡು ನೇಕಾರ ಶ್ರೇಣಿಗಳಲ್ಲಿ ಒಟ್ಟು ೩೦೦೦ ಕಾರ್ಷಾಪಣಗಳನ್ನು ಶಾಶ್ವತ ಠೇವಣಿಯಾಗಿ ಇರಿಸಿದನು. ಒಂದರಲ್ಲಿಟ್ಟ ೨೦೦೦ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ, ಮತ್ತೊಂದರಲ್ಲಿಟ್ಟ ೧೦೦೦ಕ್ಕೆ ನೂರಕ್ಕೆ ಮುಕ್ಕಾಲಿನಂತೆ ಬಡ್ಡಿ. ಮೂಲಧನವನ್ನು ಹಿಂದಿರುಗಿಸುವಂತಿಲ್ಲ, ಬಡ್ಡಿ ಮಾತ್ರ ವಿನಿಯೋಗವಾಗಬೇಕು. ಮೊದಲ ಠೇವಣಿಯಿಂದ ವರ್ಷಕ್ಕೆ ಬರುವ ೨೪೦ ಕಾರ್ಷಾಪಣಗಳಿಂದ ಗುಹೆಯಲ್ಲಿ ಮಳೆಗಾಲ ಕಳೆಯುವ ೨೦ ಭಿಕ್ಷುಗಳಿಗೆ ತಲಾ ೧೨ರಂತೆ ಚೀವರದ ವೆಚ್ಚ ಸಲ್ಲಬೇಕಿತ್ತು. ಈ ಒಪ್ಪಂದವನ್ನು ನಿಗಮಸಭೆಯಲ್ಲಿ ಓದಿ ಹೇಳಿ ಫಲಕದಲ್ಲಿ ದಾಖಲಿಸಲಾಯಿತು. ಅದೇ ನಾಸಿಕದಲ್ಲಿ ಆಭೀರ ಈಶ್ವರಸೇನನ ಕಾಲದ ಶಾಸನವೊಂದು ಕುಂಬಾರರು, ಜಲಯಂತ್ರ ಮಾಡುವವರು ಮತ್ತು ಎಣ್ಣೆ ತೆಗೆಯುವವರ ಶ್ರೇಣಿಗಳಲ್ಲಿ ರೋಗಿಗಳಾದ ಭಿಕ್ಷುಗಳ ಔಷಧಕ್ಕಾಗಿ ಹಣವಿರಿಸಿದುದನ್ನು ತಿಳಿಸುತ್ತದೆ.

ರಾಜಕುಟುಂಬದವನೊಬ್ಬ ತನ್ನ ಪುಣ್ಯಕಾರ್ಯದ ಮೂಲಧನವನ್ನು ನೇಕಾರರ ಕೈಗೆ ಒಪ್ಪಿಸಿದನೆಂಬುದು ಸಾಮಾನ್ಯ ಸಂಗತಿಯಲ್ಲ. ರಾಜ್ಯ ಬದಲಾದರೂ ಶ್ರೇಣಿ ಉಳಿಯುತ್ತದೆಂಬ ನಂಬಿಕೆ ಇದರ ಹಿಂದಿದೆ. ಗುಪ್ತ ದೊರೆ ಸ್ಕಂದಗುಪ್ತನ ಕಾಲದ, ಕ್ರಿ.ಶ. ೪೬೫ರ ಇಂದೋರ್ ತಾಮ್ರಪಟ ಈ ನಂಬಿಕೆಯನ್ನು ಶಬ್ದಗಳಲ್ಲೇ ಹೇಳುತ್ತದೆ. ಇಂದಿನ ಉತ್ತರ ಪ್ರದೇಶದಲ್ಲಿರುವ ಇಂದ್ರಪುರದ ತೈಲಿಕ ಶ್ರೇಣಿಯು ಸೂರ್ಯದೇವಾಲಯದ ದೀಪಕ್ಕೆ ಎಣ್ಣೆಯನ್ನು ಒದಗಿಸುವ ಹೊಣೆ ಹೊತ್ತಿತ್ತು. ಶ್ರೇಣಿಯು ಆ ಊರನ್ನು ಬಿಟ್ಟು ಬೇರೆಡೆಗೆ ಹೋದರೂ, ಅದರ ಐಕ್ಯ ಮುರಿಯದಿರುವವರೆಗೆ ಈ ಹೊಣೆ ಅದರದೇ ಎಂದು ಪಟ ವಿಧಿಸುತ್ತದೆ. ಶ್ರೇಣಿ ನೆಲಕ್ಕೆ ಅಂಟಿಕೊಂಡದ್ದಲ್ಲ, ಐಕ್ಯಕ್ಕೆ ಅಂಟಿಕೊಂಡದ್ದು. ಲಾಟ ದೇಶದಿಂದ ಮಾಳವದ ದಶಪುರಕ್ಕೆ ವಲಸೆ ಬಂದ ರೇಷ್ಮೆ ನೇಕಾರರು ಇದಕ್ಕೆ ನಿದರ್ಶನ. ಅವರಲ್ಲಿ ಕೆಲವರು ಧನುರ್ವಿದ್ಯೆ, ಜ್ಯೋತಿಷ ಮೊದಲಾದ ಬೇರೆ ವೃತ್ತಿಗಳನ್ನು ಹಿಡಿದರೂ ಶ್ರೇಣಿಯಾಗಿಯೇ ಉಳಿದು, ಕಸುಬಿನಿಂದ ಗಳಿಸಿದ ಹಣದಿಂದ ಕ್ರಿ.ಶ. ೪೩೬ರಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿದರು. ೪೭೩ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದರು. ವತ್ಸಭಟ್ಟಿ ರಚಿಸಿದ ಮಂದಸೋರ್ ಶಾಸನ ಈ ಸಂಗತಿಯನ್ನು ದಾಖಲಿಸಿದೆ.

ಕನ್ನಡ ಶಾಸನಗಳಲ್ಲಿ ಸೇಣಿಗಳು

ಕರ್ನಾಟಕದಲ್ಲಿ ಈ ವ್ಯವಸ್ಥೆಗೆ ದೊರೆಯುವ ಮಹತ್ವದ ಆರಂಭಿಕ ಸಾಕ್ಷ್ಯ ಪುಲಿಗೆರೆಯದು, ಅಂದರೆ ಇಂದಿನ ಲಕ್ಷ್ಮೇಶ್ವರದ್ದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಆ ಪಟ್ಟಣದ ಮಹಾಜನರು, ನಗರ ಮತ್ತು ಹದಿನೆಂಟು ಪ್ರಕೃತಿಗಳಿಗೆ ನೀಡಿದ ಆಚಾರವ್ಯವಸ್ಥೆಯನ್ನು ಇಲ್ಲಿಯ ಶಾಸನ ಒಳಗೊಂಡಿದೆ. ಒಕ್ಕಲುಗಳು ತಂತಮ್ಮ ಸ್ಥಿತಿಗನುಸಾರ ತೆರಬೇಕಾದ ತೆರಿಗೆ ಕಾರ್ತಿಕ ಮಾಸದಲ್ಲಿ ಸೇಣಿಗೆ ಸಲ್ಲಬೇಕೆಂದು ಅದು ಗೊತ್ತುಪಡಿಸುತ್ತದೆ. ಸೇಣಿ ಇಲ್ಲಿ ಕೇವಲ ಕಸುಬುದಾರರ ಕೂಟವಾಗಿರದೆ ಪಟ್ಟಣದ ಆಡಳಿತದ ಅಂಗವೂ ಆಗಿದೆ.

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ತೆಲ್ಲಿಗರೈವತ್ತೊಕ್ಕಲು’ ಎಂಬ ಎಣ್ಣೆ ಗಾಣಿಗರ ಸಂಘಟನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಗಾಣಕ್ಕೆ ಇಷ್ಟು ಸೊಲಗೆಯಂತೆ ನಂದಾದೀವಿಗೆಗೆ ಎಣ್ಣೆ ಬಿಡುವುದು ಅವರ ದತ್ತಿಯ ಸಾಮಾನ್ಯ ರೂಪ. ಈ ದತ್ತಿ ಅರಸನ ಅಪ್ಪಣೆಯಿಂದ ಬಂದುದಲ್ಲ; ಒಕ್ಕಲು ನೆರೆದು ತಾನೇ ತನ್ನ ಮೇಲೆ ಹಾಕಿಕೊಂಡ ತೆರೆ. ಗಾಣದೆರೆ, ಮಗ್ಗದೆರೆಗಳೆಂಬ ರಾಜಾದಾಯಗಳ ಜೊತೆಯಲ್ಲಿ ಇಂತಹ ಸ್ವಯಂ ವಿಧಿತ ತೆರೆಗಳೂ ಇದ್ದವೆಂಬುದನ್ನು ಗಮನಿಸಿದರೆ, ತನ್ನ ಸದಸ್ಯರಿಂದ ವಸೂಲು ಮಾಡುವ ಶಕ್ತಿ ಸಂಘಕ್ಕಿತ್ತೆಂಬುದು ವೇದ್ಯವಾಗುತ್ತದೆ. ಕಮ್ಮಾರ, ಬಡಗಿ, ಕಂಚುಗಾರ, ಕಲ್ಲುಕುಟಿಗ, ಅಕ್ಕಸಾಲೆ ಎಂಬ ಐದು ಕಸುಬುಗಳವರು ವೀರಪಾಂಚಾಳರೆಂಬ ಹೆಸರಿನಲ್ಲಿ ಒಂದುಗೂಡಿದುದೂ ಇದೇ ಹಿನ್ನೆಲೆಯಲ್ಲಿ. ಶರಣರಲ್ಲಿ ಜೇಡರ ದಾಸಿಮಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಮೊದಲಾದವರು ಕಸುಬನ್ನೇ ಹೆಸರಿನ ಭಾಗವಾಗಿ ಧರಿಸಿದರು. ಕಾಯಕವು ಗೌರವದ ಗುರುತಾಗಬಹುದೆಂಬ ಭಾವನೆಗೆ ಸಂಘಟಿತ ಕಸುಬುಗಳ ಈ ಸಾಮಾಜಿಕ ಬಲವೂ ನೆಲೆಯೊದಗಿಸಿರಬೇಕೆಂದು ಊಹಿಸಬಹುದು.

ಹೆಸರು: ರೂವಾರಿಗಳ ಸಹಿಗಳು

ಮೂರನೆಯ ಅಧಿಕಾರವಾದ ಹೆಸರಿನ ವಿಷಯಕ್ಕೆ ಬಂದರೆ, ಕರ್ನಾಟಕದ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನ ಮೇಲೆ ಉಳಿಸಿಹೋದಷ್ಟು ವಿಪುಲವಾಗಿ ಬೇರೆ ಪ್ರದೇಶಗಳ ಶಿಲ್ಪಿಗಳು ಉಳಿಸಿಹೋದುದು ವಿರಳ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಲೋಕಮಹಾದೇವಿಗಾಗಿ ನಿರ್ಮಿಸಿದ ಸೂತ್ರಧಾರಿ ಗುಂಡನಿಗೆ ಅನಿವಾರಿತಾಚಾರಿ ಎಂಬ ಹೆಸರಿತ್ತು. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆಯಿತು. ಅಲ್ಲಿಯೇ ಸರ್ವಸಿದ್ಧಿ ಆಚಾರಿಯ ಪ್ರಶಸ್ತಿಯೂ ಇದೆ. ಕ್ರಿ.ಶ. ೧೧೧೭ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಸಹಿಗಳಿವೆ. ಇವರು ಹೊಯ್ಸಳರ ನಾಡಿನವರಲ್ಲ, ಚಾಲುಕ್ಯರ ಬನವಾಸಿ ನಾಡಿನಿಂದ ಬಂದವರು. ಶಿಲ್ಪಿಗಳ ಸಂಪರ್ಕಜಾಲ ರಾಜ್ಯಗಳ ಗಡಿಯನ್ನು ಮೀರಿತ್ತೆಂಬುದಕ್ಕೆ ಇದು ಸಾಕ್ಷಿ. ಹದಿಮೂರನೆಯ ಶತಮಾನದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಇಬ್ಬರು ಪ್ರಮುಖರು ದಕ್ಷಿಣ ಮತ್ತು ಉತ್ತರದ ಪಾರ್ಶ್ವಗಳನ್ನು ಹಂಚಿಕೊಂಡು ದುಡಿದಿದ್ದಾರೆ. ಇದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿಯೂ ದೊರೆಯುತ್ತದೆ.

ಈ ಸಹಿಗಳಿಂದ ಶಿಲ್ಪಿಗಳಿಗೆ ವಿಧಿವತ್ತಾದ ಸೇಣಿಯೊಂದು ಎಲ್ಲೆಡೆ ಇತ್ತೆಂದು ಸಾಧಿಸಲಾಗದು. ಅವು ತೋರಿಸುವುದು ಗುರುಶಿಷ್ಯ ಪರಂಪರೆಯ, ಮನೆತನದ ಮತ್ತು ಊರಿನ ಗುರುತಿನ ಮೇಲೆ ಕಟ್ಟಿದ ಕೆಲಸದ ತಂಡಗಳನ್ನು. ಆದರೂ ಒಂದು ಮಾತು ನಿಸ್ಸಂದೇಹ. ಕೃತಿಯ ಮೇಲಿನ ಹೆಸರು ಅದನ್ನು ಮಾಡಿದವನದು. ಆ ಹೆಸರಿನ ಮೂಲಕ ಅವನ ಊರಿನ ಕೀರ್ತಿಯೂ ಹರಡುತ್ತಿತ್ತು. ಬಳ್ಳಿಗಾವೆಯ ಶಿಲ್ಪಿ ಎಂಬುದೇ ಒಂದು ಪ್ರಮಾಣಪತ್ರವಾಗಿತ್ತು.

ವಿಘಟನೆಯ ಹಂತಗಳು

ಈ ಮೂರು ಅಧಿಕಾರಗಳ ಕೂಟ ಒಂದೇ ಬಾರಿಗೆ ಕುಸಿಯಲಿಲ್ಲ. ಮೊದಲನೆಯದಾಗಿ, ವಿಜ್ಞಾನೇಶ್ವರನ ವಿವರಣೆಯಲ್ಲಿದ್ದ ಬಹುಜಾತಿಯ ಶ್ರೇಣಿ ಕಾಲಕ್ರಮೇಣ ಜಾತಿಯೊಳಗೆ ಮುಚ್ಚಿಕೊಂಡಿತು. ಕ್ರಿ.ಶ. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಲ್ಲಿ ಖತ್ರಿ, ಪಟ್ಟೇಗಾರ, ದೇವಾಂಗ, ತೊಗಟ ಮೊದಲಾದ ನೇಕಾರ ಸಮುದಾಯಗಳನ್ನು ಬೇರೆ ಬೇರೆಯಾಗಿಯೇ ದಾಖಲಿಸುತ್ತಾನೆ. ಬಲಗೈ, ಎಡಗೈ ಎಂಬ ಬಣಗಳ ವಿಭಜನೆಯನ್ನೂ, ಎಡಗೈ ಬಣದಲ್ಲಿ ಪಾಂಚಾಳರಿಗಿದ್ದ ಮುಂದಾಳುತನವನ್ನೂ ಅವನು ವಿವರಿಸುತ್ತಾನೆ. ಒಂದೇ ಮಗ್ಗದ ಕೆಲಸ ಮಾಡುವವರು ಒಂದೇ ಸಭೆಯಲ್ಲಿ ಕೂಡದ ಸ್ಥಿತಿ ಆಗಲೇ ಬಂದಿತ್ತು. ಕಟ್ಟಳೆ ಕಸುಬಿನಿಂದ ಕುಲಕ್ಕೆ ಸರಿದಾಗ, ಅದು ಬಟ್ಟೆಯ ಗುಣಮಟ್ಟಕ್ಕಿಂತ ಹೆಚ್ಚಾಗಿ ಮದುವೆ, ಮೈಲಿಗೆ, ಮೆರವಣಿಗೆಯ ಮರ್ಯಾದೆಗಳನ್ನು ಕುರಿತದ್ದಾಯಿತು. ಸೇಣಿಯ ಅವನತಿಗೆ ವಸಾಹತು ಆಡಳಿತವೊಂದೇ ಕಾರಣವೆಂಬ ಸಾಮಾನ್ಯ ಅಭಿಪ್ರಾಯವನ್ನು ಈ ಹಿನ್ನೆಲೆಯಲ್ಲಿ ಪರಿಷ್ಕರಿಸಬೇಕಾಗುತ್ತದೆ.

ಎರಡನೆಯದಾಗಿ, ನಿಧಿ ಕೈತಪ್ಪಿತು. ಒಮ್ಮೆ ಇತರರ ಹಣವನ್ನು ಠೇವಣಿಯಾಗಿ ಪಡೆದು ಬಡ್ಡಿ ಕೊಡುತ್ತಿದ್ದ ನೇಕಾರ, ಮುಂಗಡ ಪಡೆದು ಬಡ್ಡಿ ಕಟ್ಟುವವನಾದ. ನೂಲು ಮತ್ತು ಕೂಲಿ ಎರಡೂ ಸಾಹುಕಾರನ ಅಥವಾ ಮಾಲೀಕ ನೇಕಾರನ ಲೆಕ್ಕದ ಪುಸ್ತಕಕ್ಕೆ ಸೇರಿದವು. ಕಾರ್ಖಾನೆಯ ಬಟ್ಟೆಯ ಪೈಪೋಟಿ ಈ ಅವಲಂಬನೆಯನ್ನು ಬಿಗಿಗೊಳಿಸಿತು. ಮೂರನೆಯದಾಗಿ, ವಸಾಹತು ನ್ಯಾಯಾಲಯಗಳು ಬಂದ ಮೇಲೆ ಕಸುಬಿನ ಒಪ್ಪಂದವನ್ನು ಮುರಿದವನನ್ನು ದಂಡಿಸುವ ಶಕ್ತಿ ಕಸುಬುದಾರರ ಸಭೆಗೆ ಉಳಿಯಲಿಲ್ಲ. ಆನಂದ ಕುಮಾರಸ್ವಾಮಿಯವರು ೧೯೦೯ರಲ್ಲಿ ಭಾರತೀಯ ಕುಶಲಕರ್ಮಿಯನ್ನು ಕುರಿತು ಕೃತಿ ರಚಿಸುವ ವೇಳೆಗೆ ಸಂಘಟಿತ ಕಸುಬು ಬಹುಪಾಲು ನೆನಪಿನ ವಸ್ತುವಾಗಿತ್ತು.

ಸಹಕಾರ ಚಳವಳಿ: ನಿಧಿಯ ಮರುಗಳಿಕೆಯ ಯತ್ನ

ಕಳೆದುಹೋದ ಮೂರು ಅಧಿಕಾರಗಳಲ್ಲಿ ನಿಧಿಯನ್ನು ಮರಳಿ ಪಡೆಯುವ ಯತ್ನ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಡೆಯಿತು. ೧೯೦೪ರ ಸಹಕಾರ ಪತ್ತಿನ ಸಂಘಗಳ ಕಾಯಿದೆಯ ಮರುವರ್ಷವೇ, ೧೯೦೫ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ಅದು ಬೇಸಾಯಗಾರರ ಸಂಘವಾಗಿದ್ದರೂ ಅದರ ತತ್ತ್ವ ಕುಶಲಕರ್ಮಿಗಳಿಗೂ ದಾರಿ ತೋರಿತು. ಮೊದಲ ಕಾಯಿದೆ ಸಾಲ ನೀಡುವ ಸಂಘಗಳಿಗೆ ಮಾತ್ರ ಅವಕಾಶ ನೀಡಿತ್ತು. ಖರೀದಿ, ಉತ್ಪಾದನೆ, ಮಾರಾಟಗಳ ಸಂಘಗಳಿಗೆ ೧೯೧೨ರ ಕಾಯಿದೆ ಅವಕಾಶ ಕಲ್ಪಿಸಿದ ಬಳಿಕವೇ ನೂಲನ್ನು ಕೂಡಿ ಕೊಂಡು, ಬಟ್ಟೆಯನ್ನು ಕೂಡಿ ಮಾರುವ ನೇಕಾರ ಸಂಘಗಳಿಗೆ ಕಾನೂನಿನ ಆಧಾರ ದೊರೆಯಿತು.

ಹಳೆಯ ಸೇಣಿಗೂ ಸಹಕಾರ ಸಂಘಕ್ಕೂ ಇರುವ ಒಂದು ಸಾಮ್ಯವನ್ನು ಇಲ್ಲಿ ಗುರುತಿಸಬೇಕು. ಸಹಕಾರ ಸಂಘದ ಸದಸ್ಯತ್ವ ಕಸುಬಿಗೆ ಸಂಬಂಧಿಸಿದ್ದೇ ಹೊರತು ಜಾತಿಗಲ್ಲ. ಈ ಅರ್ಥದಲ್ಲಿ ಅದು ಇತ್ತೀಚಿನ ಕುಲಪಂಚಾಯಿತಿಗಿಂತ ಮಿತಾಕ್ಷರಾ ವಿವರಿಸಿದ ಶ್ರೇಣಿಗೆ ಹೆಚ್ಚು ಹತ್ತಿರವಾದುದು. ಆದರೆ ವ್ಯತ್ಯಾಸವೂ ಅಷ್ಟೇ ಮುಖ್ಯ. ಸೇಣಿಯ ನಿಧಿ ಅದರ ಸಾಖ್ಯೆಯ ಮೇಲೆ ಬಂದುದು. ಸಹಕಾರ ಸಂಘದ ನಿಧಿ ಬಹುಪಾಲು ಸರ್ಕಾರದ ನೆರವು, ರಿಯಾಯಿತಿ ಮತ್ತು ಸಾಲಗಳಿಂದ ಬಂದುದು. ನೆರವು ನಿಂತಲ್ಲಿ ಸಂಘವೂ ನಿಂತಿತು. ಇಳಕಲ್ಲು, ಗುಳೇದಗುಡ್ಡಗಳಂತಹ ಹೆಸರುವಾಸಿ ನೇಕಾರಿಕೆಯ ಕೇಂದ್ರಗಳಲ್ಲಿಯೂ ಮಾಲೀಕನಿಂದ ನೂಲು ಪಡೆದು ಕೂಲಿಗೆ ನೇಯುವ ಪದ್ಧತಿ ಅಳಿಯದೆ ಉಳಿಯಿತು. ೧೯೬೪ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ, ೧೯೭೫ರಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪಿತವಾದಾಗ, ಸಂಘಗಳಿಗೆ ಒಳಪಡದ ಕುಶಲಕರ್ಮಿಗಳಿಗೆ ಕೆಲಸವೂ ಮಾರುಕಟ್ಟೆಯೂ ದೊರೆತವು. ಆದರೆ ನಿಧಿಯ ಕೀಲಿ ನಿಗಮದಲ್ಲಿಯೇ ಉಳಿಯಿತು.

ಹೆಸರಿನ ಒಡೆತನ: ಭೌಗೋಳಿಕ ಸೂಚಕದ ಪ್ರಶ್ನೆ

ನಮ್ಮ ಕಾಲದಲ್ಲಿ ಮೂರನೆಯ ಅಧಿಕಾರವಾದ ಹೆಸರು ಮತ್ತೆ ಮುನ್ನೆಲೆಗೆ ಬಂದಿದೆ. ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಪ್ರಕಾರ, ಉತ್ಪಾದಕರ ಸಂಘವಾಗಲಿ, ಅವರ ಹಿತವನ್ನು ಪ್ರತಿನಿಧಿಸುವ ಸಂಸ್ಥೆ ಅಥವಾ ಪ್ರಾಧಿಕಾರವಾಗಲಿ ಒಂದು ಊರಿನ ಕಸುಬಿನ ಹೆಸರನ್ನು ನೋಂದಾಯಿಸಿಕೊಳ್ಳಬಹುದು. ನೋಂದಣಿಯ ಅವಧಿ ಹತ್ತು ವರ್ಷ, ಅದನ್ನು ನವೀಕರಿಸಬಹುದು. ಕಸುಬುದಾರರು ಅಧಿಕೃತ ಬಳಕೆದಾರರಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಬಳ್ಳಿಗಾವೆಯ ಶಿಲ್ಪಿ ಎಂಬ ಮಾತಿಗೆ ಹನ್ನೆರಡನೆಯ ಶತಮಾನದಲ್ಲಿದ್ದ ಬೆಲೆಗೆ ಈ ಕಾಯಿದೆ ಆಧುನಿಕ ಕಾನೂನಿನ ರೂಪ ಕೊಟ್ಟಿದೆಯೆನ್ನಬಹುದು.

ಕರ್ನಾಟಕದಲ್ಲಿ ಈ ಕಾಯಿದೆಯ ಬಳಕೆ ಬೇಗನೆ ಆರಂಭವಾಯಿತು. ಬಿದರಿ ಕಲೆ, ಚನ್ನಪಟ್ಟಣದ ಗೊಂಬೆಗಳು, ಕಸೂತಿ ಮುಂತಾದವುಗಳ ನೋಂದಣಿ ಕರಕುಶಲ ಅಭಿವೃದ್ಧಿ ನಿಗಮದ ಮೂಲಕ ನಡೆಯಿತು. ಮೈಸೂರು ರೇಷ್ಮೆಯ ಹೆಸರು ರೇಷ್ಮೆ ಉದ್ಯಮಗಳ ನಿಗಮದಲ್ಲಿದೆ. ಕೊನೆಯದರ ವಿಷಯದಲ್ಲಿ ಆಕ್ಷೇಪಕ್ಕೆ ಅವಕಾಶ ಕಡಿಮೆ. ೧೯೧೨ರಲ್ಲಿ ಮೈಸೂರು ಅರಸರ ಆಶ್ರಯದಲ್ಲಿ ಆರಂಭವಾದ ಕಾರ್ಖಾನೆಯ ಉತ್ಪನ್ನವನ್ನೇ ಆ ನಿಗಮ ಮುಂದುವರಿಸಿಕೊಂಡು ಬಂದಿದೆ. ಆದರೆ ಬೀದರಿನ ಕೋಟೆಯ ಮಣ್ಣಿನಿಂದ ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕಪ್ಪು ಬಣ್ಣವನ್ನು ತರುವ ಗುಟ್ಟು, ಅದರಲ್ಲಿ ಬೆಳ್ಳಿಯ ಎಳೆಯನ್ನು ಕೂರಿಸುವ ಕೈ ನಿಗಮದ್ದಲ್ಲ. ನಿಗಮವು ನೋಂದಣಿಗೆ ಮುಂದಾಗದಿದ್ದರೆ ಆ ಹೆಸರುಗಳಿಗೆ ಯಾವ ರಕ್ಷಣೆಯೂ ಸಿಗುತ್ತಿರಲಿಲ್ಲವೆಂಬುದು ನಿಜ. ಅರ್ಜಿ ಸಲ್ಲಿಸಬಲ್ಲ ಸಂಘ ಕಸುಬುದಾರರಲ್ಲಿ ಇರಲಿಲ್ಲವೆಂಬುದೇ ಇಲ್ಲಿ ಚರಿತ್ರೆ ನಮ್ಮ ಮುಂದಿಡುವ ಸಂಗತಿ.

ಸಂಘಟಿತ ಕಸುಬಿಗೆ ಇಂದು ಉಳಿದಿರುವ ಕಟ್ಟಳೆಯ ಬಲ ಎಷ್ಟೆಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿಯ ಉದಾಹರಣೆ ಸಾಕು. ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, ಭಾರತೀಯ ಮಾನಕ ಸಂಸ್ಥೆಯ ಮನ್ನಣೆಯೊಂದಿಗೆ ರಾಷ್ಟ್ರಧ್ವಜವನ್ನು ತಯಾರಿಸುತ್ತ ಬಂದಿದೆ. ನೂಲು, ನೇಯ್ಗೆ, ಬಣ್ಣ, ಅಶೋಕ ಚಕ್ರದ ಮುದ್ರಣ, ಹೊಲಿಗೆ ಇವೆಲ್ಲಕ್ಕೂ ನಿಗದಿತ ಮಾನಗಳಿವೆ. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಕಟ್ಟುನಿಟ್ಟಾದ ಮಾನದಂಡವೇ ಈ ಕಸುಬಿನ ರಕ್ಷಾಕವಚವಾಗಿತ್ತು. ೨೦೨೧ರ ಡಿಸೆಂಬರ್ ೩೦ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರನಿರ್ಮಿತ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೆ ಅವಕಾಶ ದೊರೆತಾಗ, ಆ ಕವಚ ಒಂದೇ ಆದೇಶದಿಂದ ಸಡಿಲವಾಯಿತು. ೨೦೨೨ರಲ್ಲಿ ಬೆಂಗೇರಿಯಲ್ಲಿ ಪ್ರತಿಭಟನೆಯೂ ನಡೆಯಿತು. ಹಿಂದಿನ ನಡವಳಿಕೆಯನ್ನು ಅರಸನು ಪಾಲಿಸಬೇಕೆಂಬ ಸ್ಮೃತಿಯ ಆದೇಶವನ್ನು ಇದರೊಡನೆ ಹೋಲಿಸಿದರೆ, ಕಟ್ಟಳೆ ಯಾರ ಕೈಯಲ್ಲಿದೆಯೋ ಕಸುಬಿನ ಭವಿಷ್ಯವೂ ಅವರ ಕೈಯಲ್ಲಿದೆಯೆಂಬುದು ಮನವರಿಕೆಯಾಗುತ್ತದೆ. ೨೦೨೦ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ಹಾಗೂ ಕರಕುಶಲ ಮಂಡಳಿಗಳು ರದ್ದಾದ ಮೇಲೆ, ಕೇಂದ್ರದ ಮಟ್ಟದಲ್ಲಿ ಸಲಹೆ ನೀಡಲು ಇದ್ದ ಔಪಚಾರಿಕ ವೇದಿಕೆಗಳೂ ಇಲ್ಲವಾದವು.

೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಹದಿನೆಂಟು ಕಸುಬುಗಳವರಿಗೆ ತರಬೇತಿ, ಸಲಕರಣೆಗೆ ೧೫,೦೦೦ ರೂಪಾಯಿ ಮತ್ತು ಮೊದಲ ಹಂತದಲ್ಲಿ ೧ ಲಕ್ಷ, ಎರಡನೆಯ ಹಂತದಲ್ಲಿ ೨ ಲಕ್ಷ ರೂಪಾಯಿಗಳ ಸಾಲವನ್ನು ಶೇಕಡಾ ೫ರ ಬಡ್ಡಿಯಲ್ಲಿ ಒದಗಿಸುತ್ತದೆ. ಹದಿನೆಂಟು ಎಂಬ ಸಂಖ್ಯೆ ಪುಲಿಗೆರೆಯ ಹದಿನೆಂಟು ಪ್ರಕೃತಿಗಳನ್ನು ನೆನಪಿಸಿದರೂ, ಇಲ್ಲಿ ಸಾಲ ಪಡೆಯುವವನು ಒಬ್ಬ ವ್ಯಕ್ತಿ; ಸೇಣಿಯಲ್ಲ. ಸಾಹುಕಾರನ ಬಡ್ಡಿಗೆ ಹೋಲಿಸಿದರೆ ಇದರ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದು ಕಸುಬುದಾರನನ್ನು ಬಲಪಡಿಸುವ ಯೋಜನೆಯೇ ಹೊರತು ಕಸುಬುದಾರರ ಸಂಘವನ್ನು ಕಟ್ಟುವ ಯೋಜನೆಯಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಪ್ರಾಚೀನ ಸೇಣಿಯನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ಒಳಗಿದ್ದವರನ್ನು ಅದು ಕಾಪಾಡಿತು. ಹೊರಗಿದ್ದವರಿಗೆ ಬಾಗಿಲು ಮುಚ್ಚಿತು. ಮಹಿಳೆಯರ ದುಡಿಮೆ ಅದರ ದಾಖಲೆಗಳಲ್ಲಿ ಹೆಸರಿಲ್ಲದೆ ಕರಗಿಹೋಗಿದೆ. ಈ ಎರಡು ವಿಷಯಗಳಲ್ಲಿ ಸಹಕಾರ ಸಂಘ ಸೇಣಿಗಿಂತ ನ್ಯಾಯಸಮ್ಮತವಾದುದು. ಆದರೆ ಕಟ್ಟಳೆ, ನಿಧಿ, ಹೆಸರುಗಳನ್ನು ಒಂದೇ ಕೈಯಲ್ಲಿ ಹಿಡಿದಿದ್ದರಿಂದಲೇ ಸೇಣಿ ರಾಜ್ಯಗಳ ಏಳುಬೀಳುಗಳ ನಡುವೆಯೂ ಉಳಿದುಬಂದಿತೆಂಬುದನ್ನು ಮರೆಯುವಂತಿಲ್ಲ. ಇಂದು ಕಟ್ಟಳೆ ಸರ್ಕಾರದ ಆದೇಶಗಳಲ್ಲಿ, ನಿಧಿ ಬ್ಯಾಂಕು ಮತ್ತು ಮಾಲೀಕರಲ್ಲಿ, ಹೆಸರು ನಿಗಮಗಳಲ್ಲಿ ಹಂಚಿಹೋಗಿವೆ. ಕುಶಲಕರ್ಮಿಯ ಬಳಿ ಉಳಿದಿರುವುದು ಕೌಶಲ ಮಾತ್ರ.

ಮೂರನ್ನೂ ಒಮ್ಮೆಗೇ ಮರಳಿ ಪಡೆಯುವುದು ಸಾಧ್ಯವಾಗಲಾರದು. ಆದರೆ ಹೆಸರಿನಿಂದ ಆರಂಭಿಸುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿತರಾದ ಬೀದರಿನ, ಚನ್ನಪಟ್ಟಣದ, ಧಾರವಾಡ ಸೀಮೆಯ ಕಸುಬುದಾರರು ತಮ್ಮದೇ ಸಂಘದಲ್ಲಿ ಕೂಡಿ, ಗುಣಮಟ್ಟದ ಕಟ್ಟಳೆಯನ್ನು ತಾವೇ ರೂಪಿಸಿಕೊಂಡು, ನಿಗಮದೊಡನೆ ಹೆಸರಿನ ಹೊಣೆಯಲ್ಲಿ ಪಾಲುದಾರರಾಗುವುದು ಇಂದಿನ ಚೌಕಟ್ಟಿನಲ್ಲಿಯೇ ಆಗಬಹುದಾದ ಕೆಲಸ. ಊರು ಬಿಟ್ಟು ಹೋದರೂ ಐಕ್ಯ ಮುರಿಯದಿರುವವರೆಗೆ ಸೇಣಿ ಸೇಣಿಯೇ ಎಂದು ಇಂದ್ರಪುರದ ತಾಮ್ರಪಟ ಹೇಳಿತು. ಕರ್ನಾಟಕದ ಕಸುಬುಗಳು ಊರು ಬಿಟ್ಟಿಲ್ಲ. ಅವು ಕಟ್ಟಿಕೊಳ್ಳಬೇಕಾಗಿರುವುದು ಆ ಐಕ್ಯವನ್ನು.